ಬಂಗಾರಂ ದ್ವೀಪಕ್ಕೆ ಹೊರಟವರ ನೀರಿನ ಲೆಕ್ಕ

ಹೆಸರೇ ಬಂಗಾರಂ. ಕನ್ನಡಿಗರ ಕಿವಿಗೆ ಬಲು ಇಂಪಾಗಿ ಕೇಳುವ ಈ ಹೆಸರಿನ ದ್ವೀಪ ಅರಬ್ಬೀ ಸಮುದ್ರದಲ್ಲಿ, ಲಕ್ಷದ್ವೀಪ ಸಮೂಹಕ್ಕೆ ಸೇರಿದೆ. ದಡದಲ್ಲಿ ಬೆಳ್ಳನೆಯ ಮರಳು, ಅದರ ಹಿಂದೆ ತೆಂಗಿನ ತೋಪು. ಮುಂದೆ ತಳ ಕಾಣುವಷ್ಟು ತಿಳಿಯಾದ ಹಸಿರುನೀಲಿ ನೀರು, ಅದರಾಚೆ ಬಿಳಿನೊರೆಯ ಒಂದು ಗೆರೆ, ಆಮೇಲೆ ಕಡುನೀಲಿ ಸಾಗರ. ಊರಿಲ್ಲ, ಪೇಟೆಯಿಲ್ಲ, ವಾಹನಗಳ ಗದ್ದಲವಿಲ್ಲ. ದಡ ಹಿಡಿದು ನಡೆಯುತ್ತ ಹೋದರೆ ಒಂದೆರಡು ಗಂಟೆಯಲ್ಲಿ ಹೊರಟ ಜಾಗಕ್ಕೇ ಬಂದು ನಿಲ್ಲಬಹುದು. 1987ರ ಡಿಸೆಂಬರ್ ಕೊನೆಯಲ್ಲಿ ಆಗಿನ ಪ್ರಧಾನಿ ರಾಜೀವ್ ಗಾಂಧಿ ಕುಟುಂಬ ಸಮೇತ ಇಲ್ಲಿ ರಜೆ ಕಳೆದಾಗ ಈ ಹೆಸರು ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. 2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಲಕ್ಷದ್ವೀಪಕ್ಕೆ ಹೋಗಿಬಂದ ಮೇಲಂತೂ ಮಾಲ್ಡೀವ್ಸ್‌ಗೆ ಹೋಗಬೇಕೆಂದಿದ್ದವರು ಕೂಡ ಲಕ್ಷದ್ವೀಪದ ನಕ್ಷೆ ಹುಡುಕತೊಡಗಿದರು.

ಇಂಥ ಚಿತ್ರ ನೋಡಿದ ಮನೆಯಲ್ಲಿ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಅಪ್ಪ ಟಿಕೆಟ್ಟಿನ ಲೆಕ್ಕ ಹಾಕುತ್ತಾರೆ. ಅಮ್ಮನಿಗೆ ಊಟತಿಂಡಿಯ ಚಿಂತೆ. ಮಕ್ಕಳಿಗೆ ಬಣ್ಣದ ಮೀನು, ಆಮೆ. ಸಮುದ್ರಕ್ಕೆ ಮುಖ ಮಾಡಿದ ಕೋಣೆ ಇದೆಯೇ, ಹವಾನಿಯಂತ್ರಣ ಇದೆಯೇ ಎಂದು ವಿಚಾರಿಸುತ್ತಾರೆ. ಒಂದು ಪ್ರಶ್ನೆ ಮಾತ್ರ ಯಾರೂ ಕೇಳುವುದಿಲ್ಲ. ನಾಲ್ಕೂ ಕಡೆ ಉಪ್ಪುನೀರು. ದ್ವೀಪದಲ್ಲಿ ನದಿಯಿಲ್ಲ, ಹಳ್ಳವಿಲ್ಲ, ಬೆಟ್ಟವಿಲ್ಲ. ಸ್ನಾನದ ಮನೆಯ ನಲ್ಲಿ ತಿರುಗಿಸಿದರೆ ಬರುವ ಸಿಹಿನೀರು ಎಲ್ಲಿಯದು?

ಅದಕ್ಕೆ ಉತ್ತರ ಹುಡುಕಬೇಕಾದರೆ ದ್ವೀಪ ಹುಟ್ಟಿದ ಬಗೆಯನ್ನು ಮೊದಲು ನೋಡಬೇಕು.

ಹವಳವೆಂದರೆ ಬರಿಯ ಕಲ್ಲಲ್ಲ, ಗಿಡವೂ ಅಲ್ಲ. ಅದು ಪುಟ್ಟ ಪ್ರಾಣಿಗಳ ವಸಾಹತು. ಈ ಪ್ರಾಣಿಗಳು ಸಮುದ್ರದ ನೀರಿನಿಂದ ಸುಣ್ಣದಂಶ ಹೀರಿ ತಮ್ಮ ಸುತ್ತ ಗಟ್ಟಿ ಗೂಡು ಕಟ್ಟಿಕೊಳ್ಳುತ್ತವೆ. ದಂಡೆ ಕಟ್ಟುವ ಹವಳಗಳಿಗೆ ಸೂರ್ಯನ ಬೆಳಕು ಬೇಕು, ಹೀಗಾಗಿ ಅವು ಆಳವಿಲ್ಲದ ನೀರಿನಲ್ಲಷ್ಟೇ ಬೆಳೆಯುತ್ತವೆ. ಹಾಗಿದ್ದ ಮೇಲೆ ಸಾವಿರಾರು ಅಡಿ ಆಳದ ಸಾಗರದ ನಡುವೆ ಉಂಗುರದ ಆಕಾರದ ಹವಳದ ದಂಡೆ ಬಂದದ್ದಾದರೂ ಹೇಗೆ? 1836ರ ಏಪ್ರಿಲ್‌ನಲ್ಲಿ ಬೀಗಲ್ ಹಡಗಿನಲ್ಲಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಿಗೆ ಬಂದಿಳಿದ ಚಾರ್ಲ್ಸ್ ಡಾರ್ವಿನ್ ಇದಕ್ಕೊಂದು ವಿವರಣೆ ಕೊಟ್ಟ. ಮೊದಲು ಅಲ್ಲೊಂದು ಜ್ವಾಲಾಮುಖಿ ಇತ್ತು; ಅದರ ಅಂಚಿಗೆ ಹವಳ ಬೆಳೆಯಿತು; ಪರ್ವತ ನಿಧಾನವಾಗಿ ಕುಸಿಯುತ್ತ ಹೋದಂತೆ ಹವಳ ಮೇಲೆ ಮೇಲೆ ಬೆಳೆಯುತ್ತ ಬಂತು; ಕೊನೆಗೆ ಪರ್ವತ ಮುಳುಗಿ ಉಂಗುರವಷ್ಟೇ ಉಳಿಯಿತು. ಡಾರ್ವಿನ್ ಇದನ್ನು 1842ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಕಣ್ಣಾರೆ ನೋಡಿ ಒಪ್ಪಲು ಮಾತ್ರ ನೂರಹತ್ತು ವರ್ಷ ಕಾಯಬೇಕಾಯಿತು. 1952ರಲ್ಲಿ ಪೆಸಿಫಿಕ್ ಸಾಗರದ ಎನೆವೆಟಾಕ್ ದ್ವೀಪದಲ್ಲಿ ಆಳವಾದ ರಂಧ್ರ ಕೊರೆದಾಗ ಸುಮಾರು 1,300 ಮೀಟರ್ ಸುಣ್ಣಕಲ್ಲು ದಾಟಿದ ಮೇಲೆ ಜ್ವಾಲಾಮುಖಿಯ ಕರಿಕಲ್ಲು ಸಿಕ್ಕಿತು!

ಲಕ್ಷದ್ವೀಪದ ಅಡಿಯಲ್ಲಿರುವ ಕಲ್ಲಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಭೂಮಿಯ ಒಡಲಿನ ಒಂದು ಬಿಸಿ ತಾಣದಿಂದ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಉಕ್ಕಿ ದಖ್ಖನ್ ಪ್ರಸ್ಥಭೂಮಿಯ ಕರಿಕಲ್ಲಿನ ಹಾಸು ಉಂಟಾಯಿತು. ಭೂಫಲಕ ಉತ್ತರಕ್ಕೆ ಸರಿಯುತ್ತ ಹೋದಂತೆ ಅದೇ ತಾಣ ಸಮುದ್ರದ ತಳದಲ್ಲಿ ಲಕ್ಷದ್ವೀಪ, ಮಾಲ್ಡೀವ್ಸ್, ಛಾಗೋಸ್‌ಗಳ ಸಾಲನ್ನು ಎಬ್ಬಿಸಿತೆಂಬುದು ಬಹುಪಾಲು ಭೂವಿಜ್ಞಾನಿಗಳ ಅಭಿಪ್ರಾಯ. ಈಗ ಆ ತಾಣ ಇರುವುದು ರಿಯೂನಿಯನ್ ದ್ವೀಪದ ಬಳಿ. ವಿಜಯಪುರದ ಗೋಳಗುಮ್ಮಟ ಕಟ್ಟಿದ ಕಪ್ಪುಕಲ್ಲಿಗೂ ಬಂಗಾರಂನ ಬೆಳ್ಳನೆಯ ಮರಳಿನ ಬುಡಕ್ಕೂ ನಂಟಿದೆ ಎಂದರೆ ಶಾಲಾಮಕ್ಕಳು ನಂಬಲಿಕ್ಕಿಲ್ಲ. ನಂಬದೆ ಪ್ರಶ್ನೆ ಕೇಳಿದರೆ ಇನ್ನೂ ಒಳ್ಳೆಯದು.

ಮರಳಿನೊಳಗಿನ ಸಿಹಿನೀರು

ದ್ವೀಪದ ಮೇಲ್ಭಾಗವೆಲ್ಲ ಹವಳದ ಚೂರು, ಚಿಪ್ಪಿನ ಪುಡಿ. ಹವಳವನ್ನು ಕಡಿದು ಜಗಿಯುವ ಗಿಳಿಮೀನುಗಳ ಹೊಟ್ಟೆಯಿಂದ ಹೊರಬಿದ್ದ ಮರಳೂ ಇದರಲ್ಲಿ ಸಾಕಷ್ಟಿದೆ. ಒಟ್ಟಿನಲ್ಲಿ ನೆಲ ಸ್ಪಂಜಿನಂತೆ. ವರ್ಷಕ್ಕೆ ಸುಮಾರು 1,600 ಮಿಲಿಮೀಟರ್ ಮಳೆ ಬೀಳುತ್ತದೆ. ಬಿದ್ದದ್ದು ಹರಿಯದೆ ನೇರವಾಗಿ ಕೆಳಗಿಳಿಯುತ್ತದೆ. ಕೆಳಗಡೆ ಸಮುದ್ರದಿಂದ ನುಸುಳಿದ ಉಪ್ಪುನೀರು ಮೊದಲೇ ಇರುತ್ತದೆ. ಎರಡೂ ಬೆರೆತು ಹೋಗಬೇಡವೆ?

ಗಡಿಯಲ್ಲಿ ಸ್ವಲ್ಪ ಬೆರೆಯುತ್ತವೆ, ಪೂರ್ತಿಯಲ್ಲ. ಒಂದು ಲೀಟರ್ ಸಿಹಿನೀರಿನ ತೂಕ 1,000 ಗ್ರಾಂ. ಸಮುದ್ರದ ನೀರಿನದು ಸುಮಾರು 1,025 ಗ್ರಾಂ. ಹಗುರವಾದದ್ದು ಮೇಲೆ ತೇಲುತ್ತದೆ. ಮರಳಿನ ಸಂದುಗಳೊಳಗೆ ನೀರಿನ ಓಡಾಟ ನಿಧಾನವಾದ್ದರಿಂದ ಬೆರಕೆಯೂ ನಿಧಾನ. ಹೀಗೆ ತೇಲುವ ಸಿಹಿನೀರು ದ್ವೀಪದ ನಡುವೆ ದಪ್ಪವಾಗಿ, ಅಂಚಿನಲ್ಲಿ ತೆಳ್ಳಗಾಗಿ, ಭೂತಗನ್ನಡಿಯ ಮಸೂರದ ಆಕಾರ ತಾಳುತ್ತದೆ. ಡಚ್ ಎಂಜಿನಿಯರ್ ಘೈಬೆನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಜರ್ಮನಿಯ ಹರ್ಜ್‌ಬರ್ಗ್ 1901ರಲ್ಲಿ ಬೇರೆ ಬೇರೆಯಾಗಿ ಇದರ ಲೆಕ್ಕ ಕಂಡುಹಿಡಿದರು. ಬಾವಿಯ ನೀರು ಸಮುದ್ರಮಟ್ಟಕ್ಕಿಂತ ಎಷ್ಟು ಮೇಲಿರುತ್ತದೋ, ಅದರ ನಲವತ್ತು ಪಟ್ಟು ಆಳಕ್ಕೆ ಸಿಹಿನೀರು ಇರುತ್ತದೆ. 1,000ವನ್ನು 25ರಿಂದ ಭಾಗಿಸಿದರೆ 40. ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳಿಗೂ ಎಟುಕುವ ಗಣಿತ ಇದು.

ಕೇಳಲು ಇದು ಸಮಾಧಾನದ ಸಂಗತಿಯೇ. ನೀರಿನ ಮಟ್ಟ ಸಮುದ್ರಕ್ಕಿಂತ 15 ಸೆಂಟಿಮೀಟರ್ ಮೇಲಿದ್ದರೆ ಕೆಳಗೆ 6 ಮೀಟರ್ ಸಿಹಿನೀರು. ಆದರೆ ಲೆಕ್ಕವನ್ನು ತಿರುಗಿಸಿ ನೋಡಿ. ಮೋಟಾರು ಪಂಪು ಹಾಕಿ ಎಳೆದು ಮಟ್ಟವನ್ನು 5 ಸೆಂಟಿಮೀಟರ್ ಇಳಿಸಿದರೆ, ಅಂದರೆ ಮೂರು ಬೆರಳು ಅಗಲದಷ್ಟು ಇಳಿಸಿದರೆ, ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ 2 ಮೀಟರ್ ಮೇಲೇರುತ್ತದೆ! ಪಂಪಿನ ಬಾಯಿಯ ಕೆಳಗಂತೂ ಅದು ಶಂಕುವಿನಂತೆ ಬೇಗ ಎದ್ದು ಬರುತ್ತದೆ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಮಳೆಗಾಲಗಳನ್ನು ಕಾಯಬೇಕು. ಆಳವಿಲ್ಲದ ಬಾವಿಯಿಂದ ಕೊಡಗಟ್ಟಲೆ ಸೇದಿಕೊಳ್ಳುತ್ತಿದ್ದ ದ್ವೀಪದ ಹಿರಿಯರು ಮೇಲಿನ ಕೆನೆಯನ್ನಷ್ಟೇ ತೆಗೆದುಕೊಂಡು ಕೆಳಗಿನದನ್ನು ಕದಡದೆ ಬಿಟ್ಟಿದ್ದರು.

ಬಂಗಾರಂನಲ್ಲಿ ಊರಿಲ್ಲದಿರಬಹುದು, ಲಕ್ಷದ್ವೀಪದಲ್ಲಿ ಜನರಿಲ್ಲವೆಂದಲ್ಲ. ಒಟ್ಟು ನೆಲ ಕೇವಲ 32 ಚದರ ಕಿಲೋಮೀಟರ್. ಅದರಲ್ಲಿ ಜನವಸತಿ ಇರುವ ಹತ್ತು ದ್ವೀಪಗಳಲ್ಲಿ 2011ರ ಜನಗಣತಿಯ ಪ್ರಕಾರ 64 ಸಾವಿರಕ್ಕೂ ಹೆಚ್ಚು ಮಂದಿ, ಅಂದರೆ ಚದರ ಕಿಲೋಮೀಟರಿಗೆ ಎರಡು ಸಾವಿರ ಜನ. ಇವರ ಬಾವಿಯೂ ಶೌಚದ ಗುಂಡಿಯೂ ಒಂದೇ ಸ್ಪಂಜಿನಲ್ಲಿವೆ. ಪ್ರವಾಸಿಯ ತೊಟ್ಟಿಸ್ನಾನಕ್ಕೆ, ಹುಲ್ಲುಹಾಸಿಗೆ ನೀರೆಳೆಯುವುದೆಂದರೆ ಯಾವ ಗಂಗಾಳದಿಂದ ಎಳೆದಂತೆ ಎಂದು ಯೋಚಿಸಬೇಕಾಗುತ್ತದೆ.

ಕುದಿಯದ ಬೆಂಕಿ, ಕುದಿಯುವ ನೀರು

ಈ ಸಂಕಟಕ್ಕೆ ನಮ್ಮ ದೇಶದ ವಿಜ್ಞಾನಿಗಳು ಹುಡುಕಿದ ದಾರಿ ಸೊಗಸಾದದ್ದು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಘಟಕ ಸ್ಥಾಪಿಸಿತು. ಅಲ್ಲಿ ಒಲೆಯಿಲ್ಲ. ಪ್ರೆಷರ್ ಕುಕ್ಕರಿನಲ್ಲಿ ಒತ್ತಡ ಹೆಚ್ಚಾದಾಗ ನೀರು ನೂರು ಡಿಗ್ರಿ ದಾಟಿದ ಮೇಲೆ ಕುದಿಯುತ್ತದಲ್ಲವೆ? ಇಲ್ಲಿ ಅದಕ್ಕೆ ತದ್ವಿರುದ್ಧ. ಕೊಠಡಿಯೊಂದರ ಗಾಳಿ ತೆಗೆದು ಒತ್ತಡ ಬಹಳ ಇಳಿಸಿ, ಸುಮಾರು 28 ಡಿಗ್ರಿಯ ಮೇಲ್ಮೈ ನೀರನ್ನು ಒಳಗೆ ಬಿಟ್ಟರೆ ಅದರಲ್ಲಿ ಸ್ವಲ್ಪ ಭಾಗ ಹಾಗೆಯೇ ಆವಿಯಾಗುತ್ತದೆ. ಉಪ್ಪು ಹಿಂದೆ ಉಳಿಯುತ್ತದೆ. ಆವಿಯನ್ನು ತಣಿಸಲು ಸುಮಾರು 350 ಮೀಟರ್ ಆಳದಿಂದ 12–13 ಡಿಗ್ರಿಯ ತಣ್ಣೀರನ್ನು ಕೊಳವೆಯಲ್ಲಿ ಮೇಲೆತ್ತುತ್ತಾರೆ. ದಡದಿಂದ ಕೆಲವೇ ನೂರು ಮೀಟರ್ ದೂರದಲ್ಲಿ ಅಷ್ಟು ಆಳ ಸಿಗುವುದು ಡಾರ್ವಿನ್ ಹೇಳಿದ ಆ ಮುಳುಗಿದ ಪರ್ವತದ ಕಡಿದಾದ ಇಳಿಜಾರಿನಿಂದಾಗಿಯೇ! 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಯಲ್ಲೂ ಇಂಥ ಘಟಕಗಳಾದವು, ಆಮೇಲೆ ಇನ್ನಷ್ಟು ದ್ವೀಪಗಳಲ್ಲಿ.

ಆದರೆ ನೀರೆತ್ತುವ, ಗಾಳಿ ತೆಗೆಯುವ ಪಂಪುಗಳಿಗೆ ವಿದ್ಯುತ್ ಬೇಕು. ದ್ವೀಪದ ವಿದ್ಯುತ್ತಿನ ಬಹುಪಾಲು ಡೀಸೆಲ್ ಜನರೇಟರುಗಳಿಂದ ಬರುತ್ತದೆ, ಡೀಸೆಲ್ ಹಡಗಿನಲ್ಲಿ ಬರುತ್ತದೆ. ಅಕ್ಕಿ, ತರಕಾರಿ, ಸಿಮೆಂಟಿನ ಹಾದಿಯೂ ಅದೇ. ಈ ಸಾಗಣೆಯಲ್ಲಿ ಮಂಗಳೂರಿನ ಹಳೆ ಬಂದರಿನ ಪಾಲು ದೊಡ್ಡದು. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದನ್ನು ಎಷ್ಟೋ ಮಂದಿ ಮರೆತಿದ್ದಾರೆ. ಮಳೆಗಾಲದಲ್ಲಿ ಕಡಲು ಕೆರಳಿದಾಗ ಬಂದರಿನ ಸರಕಿನ ದೋಣಿಗಳು ಲಂಗರು ಹಾಕಿ ಕುಳಿತುಬಿಡುತ್ತವೆ.

ಯಾವಾಗ ಹೋಗಬೇಕು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವ ಮಾತೇ ಬೇಡ. ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ ಪ್ರವಾಸದ ಕಾಲ. ಕರ್ನಾಟಕದ ಶಾಲೆಗಳಿಗೆ ದೀರ್ಘ ರಜೆ ಏಪ್ರಿಲ್–ಮೇ ತಿಂಗಳಲ್ಲಿ, ಹೀಗಾಗಿ ಹೆಚ್ಚಿನ ಕುಟುಂಬಗಳು ಆಗಲೇ ಹೊರಡಲು ನೋಡುತ್ತವೆ. ತಿಂಗಳುಗಟ್ಟಲೆ ಮಳೆ ಕಾಣದ ನೆಲದೊಳಗಿನ ಸಿಹಿನೀರಿನ ಮಸೂರ ತೀರ ತೆಳ್ಳಗಾಗಿರುವುದು ಆಗಲೇ, ಸಮುದ್ರ ಅತಿ ಬಿಸಿಯಾಗಿರುವುದೂ ಆಗಲೇ. ದಸರಾ ರಜೆಯಲ್ಲಿ ಹೋದರೆ ಮಳೆ ಆಗಷ್ಟೇ ಮುಗಿದು ನೆಲದಲ್ಲಿ ನೀರು ತುಂಬಿರುತ್ತದೆ. ದಿನ ಕಡಿಮೆ ಸಿಗಬಹುದು. ಕಡಲ ನೀರಿನಲ್ಲಿ ಮಳೆಗಾಲದ ಕದಡು ಇನ್ನೂ ಉಳಿದಿರಲೂಬಹುದು. ಅಕ್ಟೋಬರ್ ನಂತರ ಚಂಡಮಾರುತದ ಭಯವೂ ಇದೆ. 2017ರಲ್ಲಿ ಒಖಿ ಚಂಡಮಾರುತ ಮಿನಿಕಾಯ್ ಕಡೆ ಹಾನಿ ಮಾಡಿದ್ದು ಡಿಸೆಂಬರ್ ಮೊದಲ ವಾರದ ಹೊತ್ತಿಗೆ. ಇಷ್ಟಾದರೂ ದಸರಾ ರಜೆಯೇ ಮೇಲು.

ಉಳಿದದ್ದು ಕಾಗದಪತ್ರದ ಕೆಲಸ. ಹೊರಗಿನವರಿಗೆ ಪ್ರವೇಶ ಪರವಾನಗಿ ಕಡ್ಡಾಯ, ಅದನ್ನು ಮೊದಲೇ ಮಾಡಿಸಿಕೊಳ್ಳಬೇಕು. ಕೊಚ್ಚಿಯಿಂದ ಹಡಗಾದರೆ 14ರಿಂದ 18 ಗಂಟೆಯ ಪಯಣ. ಹೊಟ್ಟೆ ತೊಳಸುವವರು ಮಾತ್ರೆ ಇಟ್ಟುಕೊಳ್ಳಲಿ. ವಿಮಾನವಾದರೆ ಅಗತ್ತಿಗೆ. ಅಲ್ಲಿಂದ ಬಂಗಾರಂಗೆ ದೋಣಿ. ಅಗತ್ತಿಯ ಓಡುಹಾದಿ ಸುಮಾರು 1,200 ಮೀಟರ್ ಮಾತ್ರ, ದೊಡ್ಡ ವಿಮಾನ ಇಳಿಯಲಾರದು. ಸೀಟು ಕಡಿಮೆ, ಸಾಮಾನಿನ ತೂಕಕ್ಕೂ ಮಿತಿ.

ಬಿಸಿಯಾದ ಕಡಲಿನ ಮಾತು ಬಂತು. ಹವಳದ ಪ್ರಾಣಿಯ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಬಣ್ಣ ಕೊಡುವುದೂ ಅವೇ, ಆಹಾರ ಒದಗಿಸುವುದೂ ಅವೇ. ನೀರಿನ ಬಿಸಿ ಬೇಸಿಗೆಯ ಎಂದಿನ ಮಟ್ಟಕ್ಕಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರ ಹಾಗೆಯೇ ನಿಂತರೆ ಹವಳ ಪಾಚಿಯನ್ನು ಹೊರದೂಡಿ ಬಿಳುಚಿಕೊಳ್ಳುತ್ತದೆ, ಚೇತರಿಸದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಅಲೆಗಳ ಹೊಡೆತ ತಡೆಯುವುದು ಈ ದಂಡೆಯೇ. ದಂಡೆ ಸೊರಗಿದರೆ ದಡ ಕೊರೆಯುತ್ತದೆ, ದ್ವೀಪದ ಅಗಲ ಕುಗ್ಗಿದರೆ ಒಳಗಿನ ಸಿಹಿನೀರಿನ ಮಸೂರವೂ ಕುಗ್ಗುತ್ತದೆ. ಬಂಗಾರಂ ಇರುವ ಅದೇ ಹವಳದ ಉಂಗುರದಲ್ಲಿ ಪರಳಿ–1 ಎಂಬ ಪುಟ್ಟ ದ್ವೀಪವೊಂದಿತ್ತು. 1968ರಲ್ಲಿ ಅದರ ವಿಸ್ತೀರ್ಣ 0.032 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಎಂಟು ಎಕರೆ. ಅದು ಪೂರ್ತಿ ಕೊರೆದುಹೋಗಿದೆಯೆಂದು 2017ರಲ್ಲಿ ವರದಿಯಾಯಿತು.

ಬಂಗಾರಂನಲ್ಲಿ ಮೊದಲು ಹಲವು ವರ್ಷ ನಡೆದ ವಸತಿಗೃಹದ ಕುಟೀರಗಳಲ್ಲಿ ಟಿ.ವಿ. ಇರಲಿಲ್ಲ, ಟೆಲಿಫೋನಿರಲಿಲ್ಲ, ಹವಾನಿಯಂತ್ರಣವೂ ಇರಲಿಲ್ಲ. ಅದಕ್ಕಾಗಿಯೇ ವಿದೇಶೀಯರು ಸಾಕಷ್ಟು ಹಣ ತೆತ್ತು ಬರುತ್ತಿದ್ದರು. ಐಷಾರಾಮ ಎಂಬುದಕ್ಕೆ ಹೀಗೂ ಒಂದು ಅರ್ಥವಿದೆ. ಇಂದು ಕೋಣೆ ಕಾದಿರಿಸುವವರು ಎರಡು ಮಾತು ನೇರವಾಗಿ ಕೇಳಬೇಕು: ಸ್ನಾನದ ನೀರು ಬಾವಿಯದೋ, ಸಮುದ್ರದಿಂದ ಶುದ್ಧಿ ಮಾಡಿದ್ದೋ? ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಸರಿಯಾದ ಉತ್ತರ ಬಾರದಿದ್ದರೆ ಬೇರೆ ಜಾಗ ನೋಡಬಹುದು. ಇನ್ನೊಂದು ಮಾತು. ಹವಳದ ಚೂರನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳುವಂತಿಲ್ಲ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಹೊರಡುವ ಮುನ್ನ ಮಕ್ಕಳು ಅಡುಗೆಮನೆಯಲ್ಲೇ ಒಂದು ಪ್ರಯೋಗ ಮಾಡಲಿ. ಗಾಜಿನ ಲೋಟದಲ್ಲಿ ಅರ್ಧ ನೀರು ಹಾಕಿ, ಎರಡು ಚಮಚ ಉಪ್ಪು ಕರಗಿಸಿ. ಬೇರೆ ನೀರಿಗೆ ಸ್ವಲ್ಪ ಕುಂಕುಮಕೇಸರಿಯನ್ನೋ ಬೀಟ್‌ರೂಟ್ ರಸವನ್ನೋ ಬೆರೆಸಿ, ಚಮಚದ ಬೆನ್ನಿನ ಮೇಲೆ ಹನಿಹನಿಯಾಗಿ ಉಪ್ಪುನೀರಿನ ಮೇಲೆ ಇಳಿಸಿ. ಎರಡು ಬೆರಳು ಎತ್ತರ ಬಣ್ಣದ ಪದರ ತೇಲಿ ನಿಲ್ಲುತ್ತದೆ. ಈಗ ಒಂದು ಸ್ಟ್ರಾ ತೆಗೆದುಕೊಂಡು ಬಣ್ಣದ ನೀರಿನಲ್ಲಿ ತುದಿಯಷ್ಟೇ ಮುಳುಗಿಸಿ ಮೆಲ್ಲಗೆ ಹೀರಿ ನೋಡಲಿ. ಆಮೇಲೆ ತುದಿಯನ್ನು ತುಸು ಕೆಳಗಿಳಿಸಿ ಜೋರಾಗಿ ಎಳೆಯಲಿ. ಎಷ್ಟನೆಯ ಗುಟುಕಿಗೆ ಮುಖ ಸಿಂಡರಿಸಿತು ಎಂದು ಪಕ್ಕದಲ್ಲಿ ನಿಂತ ಅಪ್ಪನೋ ಅಮ್ಮನೋ ಎಣಿಸಲಿ.