ಕ್ಷಯದ ಗುಟ್ಟು ಓದುವ ಪವಾಯಿ

ಮುಂಬೈನ ಪವಾಯಿ ಕೆರೆಯ ಹೆಸರು ಹೊತ್ತ ದೈತ್ಯ ವೈರಸ್ ಒಂದಿದೆ. ಕೆರೆಯ ಪಕ್ಕದ ಐಐಟಿ ಬಾಂಬೆಯಲ್ಲಿ ಪ್ರಾಧ್ಯಾಪಕ ಕಿರಣ್ ಕೊಂಡಬಾಗಿಲ್ ಅವರ ತಂಡ ಅದನ್ನು ಕೆರೆನೀರಿನಿಂದ ಬೇರ್ಪಡಿಸಿ, ಸುಮಾರು 12 ಲಕ್ಷ ಅಕ್ಷರಗಳ ಅದರ ಜೀನೋಮನ್ನು ಪೂರ್ತಿ ಓದಿ 2016ರಲ್ಲಿ ಪ್ರಕಟಿಸಿತು. ಆ ತಂಡದ ಅನಿರ್ವಾಣ್ ಚಟರ್ಜಿ ಮುಂದೆ ಕಟ್ಟಿದ್ದು ಹೇಸ್ಟ್ಯಾಕ್ ಅನಾಲಿಟಿಕ್ಸ್ ಸಂಸ್ಥೆಯನ್ನು. ಐಐಟಿಯ ‘ಸೈನ್’ ಕೇಂದ್ರದ ಆಸರೆಯಲ್ಲಿ ಬೆಳೆದ ಈ ಸಂಸ್ಥೆ ರೋಗಾಣುವಿನ ಜೀನೋಮ್ ಓದಿ ಸೋಂಕು ಪತ್ತೆಮಾಡುತ್ತದೆ. ‘ಒಮೇಗಾ ಟಿಬಿ’ ಅದರ ಕ್ಷಯ ಪರೀಕ್ಷೆ.

ಮುಂಬೈಗೆ ಇದು ಬೇಕೇ ಬೇಕಿತ್ತು. 2011ರ ಕೊನೆಯಲ್ಲಿ ಹಿಂದೂಜಾ ಆಸ್ಪತ್ರೆಯ ಡಾ. ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು ನಾಲ್ವರು ರೋಗಿಗಳ ವರದಿ ಕೊಟ್ಟರು. ಪರೀಕ್ಷಿಸಿದ ಯಾವ ಔಷಧಕ್ಕೂ ಅವರ ಕ್ಷಯ ಜಗ್ಗಿರಲಿಲ್ಲ. ಯಾವ ಮದ್ದು ನಾಟುತ್ತದೆಂದು ತಿಳಿಯದೆ ಅಂದಾಜಿನಲ್ಲಿ ಕೊಟ್ಟ ಚಿಕಿತ್ಸೆ ಇಂಥ ರೋಗವನ್ನು ಬೆಳೆಸುತ್ತದೆ.

ತಿಳಿಯುವುದೇ ಕಷ್ಟ. ಕ್ಷಯದ ಬ್ಯಾಕ್ಟೀರಿಯಾ ಬಲು ನಿಧಾನವಾಗಿ ಬೆಳೆಯುತ್ತದೆ. ಅದನ್ನು ಬೆಳೆಸಿ ಒಂದೊಂದೇ ಔಷಧಕ್ಕೆ ಒಡ್ಡಿ ನೋಡಲು ವಾರಗಟ್ಟಲೆ ಬೇಕು. ಸಿಬಿನ್ಯಾಟ್ ಯಂತ್ರ ಎರಡು ಗಂಟೆಯಲ್ಲಿ ಉತ್ತರ ಕೊಡುತ್ತದೆ, ಆದರೆ ಅದು ಮುಖ್ಯವಾಗಿ ನೋಡುವುದು ರಿಫಾಂಪಿಸಿನ್ ಎಂಬ ಔಷಧವೊಂದನ್ನೇ. ಈ ಬ್ಯಾಕ್ಟೀರಿಯಾದ ಜೀನೋಮಿನಲ್ಲಿರುವುದು ಸುಮಾರು 44 ಲಕ್ಷ ಅಕ್ಷರಗಳು. ಕ್ಯಾಟ್‌ಜಿ ಎಂಬ ಜೀನಿನಲ್ಲಿ ಒಂದೇ ಅಕ್ಷರ ಪಲ್ಲಟವಾದರೂ ಐಸೋನಿಯಾಜಿಡ್ ಎಂಬ ಔಷಧ ಕೆಲಸಕ್ಕೆ ಬಾರದೆ ಹೋಗಬಹುದು. ಆರ್‌ಪಿಓಬಿ ಜೀನಿನಲ್ಲಾದರೆ ರಿಫಾಂಪಿಸಿನ್. ಜೀನೋಮನ್ನು ಪೂರ್ತಿ ಓದಿದರೆ ಹತ್ತಾರು ಔಷಧಗಳ ಹಣೆಬರಹ ಒಂದೇ ಸಲ ತಿಳಿಯುತ್ತದೆ. ಯಾವ ಪಲ್ಲಟ ಯಾವ ಔಷಧವನ್ನು ಕೆಡಿಸುತ್ತದೆಂಬ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದಿತು. ಇಂಥ ಪಟ್ಟಿಯಿಲ್ಲದೆ ಓದಿದ್ದರ ಅರ್ಥ ವೈದ್ಯರಿಗೆ ದಕ್ಕದು. ನನ್ನ ಮಟ್ಟಿಗೆ ಜೀನೋಮ್ ಓದುವ ಯಂತ್ರಕ್ಕಿಂತ ಅದೇ ದೊಡ್ಡದು.

ತೊಡಕುಗಳೂ ಇವೆ. ಕಫದಲ್ಲಿ ರೋಗಿಯ ಡಿಎನ್‌ಎಯೇ ಹೆಚ್ಚು, ಕ್ಷಯಾಣುವಿನದು ಅತ್ಯಲ್ಪ. ಆದ್ದರಿಂದ ಪೂರ್ಣ ಜೀನೋಮ್ ಓದಲು ಬಹಳ ಸಲ ಅಣುಜೀವಿಯನ್ನು ಮೊದಲು ಬೆಳೆಸಲೇಬೇಕಾಗುತ್ತದೆ. ಖರ್ಚೂ ಬಡವರ ಕೈಗೆಟುಕುವಂಥದ್ದಲ್ಲ. ಇಕ್ಕಟ್ಟಾದ ಖೋಲಿಗಳಲ್ಲಿ ಹತ್ತು ಜನ ಒಟ್ಟಿಗೆ ಮಲಗುವ ಮುಂಬೈನ ನಮ್ಮ ಹೋಟೆಲ್ ಕಾರ್ಮಿಕರಿಗೆ ಈ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುವಂತಾಗಬೇಕು.

ಎರಡು ವಾರ ದಾಟಿದ ಕೆಮ್ಮಿದ್ದರೆ ತಡಮಾಡಬೇಡಿ. ಸರ್ಕಾರಿ ಕೇಂದ್ರಗಳಲ್ಲಿ ಕಫ ಪರೀಕ್ಷೆಯೂ ಔಷಧವೂ ಉಚಿತ. ಕ್ಷಯವೆಂದು ಗೊತ್ತಾದರೆ, ಯಾವ ಔಷಧ ನಾಟುತ್ತದೆಂದು ಪರೀಕ್ಷಿಸಿದ್ದೀರಾ ಎಂದು ವೈದ್ಯರನ್ನು ಕೇಳಿ.