ಬರಲಾರೆನೆಂದು ಬರೆಯುವ ಬಗೆ

ಗೆಳೆಯನು ಸಂತೋಷಕೂಟಕ್ಕೆ ಕರೆದಿದ್ದಾನೆ. ನಿಮಗೆ ಹೋಗಲು ಸಾಧ್ಯವಿಲ್ಲ. ಏನೆಂದು ಬರೆಯುವಿರಿ? ಕರೆಯುವವನಿಗಾದರೆ ಸಿದ್ಧವಾದ ಒಕ್ಕಣೆಯುಂಟು. "ಇಷ್ಟಮಿತ್ರರೊಡನೆ ದಯಮಾಡಿಸಬೇಕು" ಎಂಬಲ್ಲಿಂದ "ತಮ್ಮ ಆಗಮನಾಭಿಲಾಷಿಗಳು" ಎಂಬವರೆಗೆ ಅಚ್ಚುಕೂಟದವರೇ ಜೋಡಿಸಿಕೊಡುತ್ತಾರೆ. ಬರಲಾಗದವನಿಗೆ ಅಂಥ ಆಸರೆಯಿಲ್ಲ. ಹಿಂದೆ ತಂತಿ ಇಲಾಖೆಯವರು ಶುಭಾಶಯದ ವಾಕ್ಯಗಳಿಗೆ ಅಂಕಿಗಳನ್ನು ಗೊತ್ತುಮಾಡಿದ್ದರು. ಅಂಕಿಯನ್ನು ಬರೆದುಕೊಟ್ಟರೆ ವಾಕ್ಯ ಮಿತ್ರನಿಗೆ ತಲಪುತ್ತಿತ್ತು. 2013ರ ಜುಲೈ ತಿಂಗಳಲ್ಲಿ ತಂತಿಯೂ ನಿಂತಿತು. ಈಗ ನಮ್ಮ ಮಾತನ್ನು ನಾವೇ ಹೊಂದಿಸಬೇಕು.

ಮಾತು ಹೊಂದದೆ ಹಲವರು ಸುಮ್ಮನಿದ್ದುಬಿಡುತ್ತಾರೆ. ಕೆಲವರು "ನೋಡೋಣ, ಪ್ರಯತ್ನಿಸುತ್ತೇನೆ" ಎಂದು ಬರೆಯುತ್ತಾರೆ. ಎರಡೂ ತಪ್ಪು. ಅಡುಗೆಯವನು ಎಲೆಗಳ ಲೆಕ್ಕವನ್ನು ಮೊದಲೇ ಕೇಳುತ್ತಾನೆ. ನಿಮ್ಮ ಎಲೆ ಬರಿದಾಗಿ ಉಳಿದರೆ ಅನ್ನ ಹಾಳು. ನಿಮಗಾಗಿ ಬಾಗಿಲು ನೋಡುತ್ತಾ ನಿಂತ ಮಿತ್ರನ ಮನಸ್ಸಿಗೂ ನೋವು. "ಇಲ್ಲ" ಎಂಬ ಮಾತನ್ನು ಬೇಗ ಹೇಳುವುದೇ ಸೌಜನ್ಯ.

ಇನ್ನು ಹೇಳುವ ಬಗೆ. ಕನ್ನಡದಲ್ಲಿ ಇದಕ್ಕೆ ಒಂದೇ ಮಾತಿಲ್ಲ. "ಬರಲೊಲ್ಲೆ" ಎಂದರೆ ಮನಸ್ಸೇ ಇಲ್ಲವೆಂದಂತೆ. "ಬರುವುದಿಲ್ಲ" ಎಂಬುದು ತೀರ್ಪು. "ಬಾರೆನು" ಎಂಬ ಹಳೆಯ ನಿಷೇಧರೂಪಕ್ಕೆ ಕಾಲಭೇದವಿಲ್ಲ, ಮೂರು ಕಾಲಗಳಿಗೂ ಅದು ಸಲ್ಲುತ್ತದೆ. ಗೆಳೆಯನಿಗೆ ಹಾಗೆ ಬರೆದರೆ ಎಂದೆಂದಿಗೂ ಬಾರೆನೆಂದಂತಾದೀತು! "ಬರಲಾರೆ" ಎಂಬಲ್ಲಿ "ಆರ್" ಎಂಬ ಧಾತು ಅಡಗಿದೆ. ಶಕ್ತನಾಗು ಎಂದು ಅದರ ಅರ್ಥ. ಮನಸ್ಸುಂಟು, ಶಕ್ತಿ ಸಾಲದು ಎಂಬುದು ತಾತ್ಪರ್ಯ. "ಬರಲಾಗುತ್ತಿಲ್ಲ" ಎಂದರೆ ಸಂದರ್ಭವೇ ಅಡ್ಡಿ. ಈ ಕೊನೆಯ ಎರಡೇ ಮಿತ್ರನಿಗೆ ತಕ್ಕವು.

ಕಾರಣ ಒಂದೇ ಇರಲಿ, ನಿಜವಾಗಿರಲಿ. ನಾಲ್ಕು ಕಾರಣ ಕೊಟ್ಟರೆ ನಾಲ್ಕನ್ನೂ ಯಾರೂ ನಂಬರು. ಇಲ್ಲದ ಜ್ವರವನ್ನು ಬರೆದರಂತೂ ಮಿತ್ರನು ಮರುದಿನವೇ ಮೂಸಂಬಿ ಹಿಡಿದು ಬಾಗಿಲಿಗೆ ಬಂದಾನು! ಕೈಯಲ್ಲಿ ಹಣವಿಲ್ಲ, ಅಲ್ಲಿಗೆ ಬರುವ ಇನ್ನೊಬ್ಬರೊಡನೆ ಮಾತಿಲ್ಲ ಎಂಬಂಥ ಹೇಳಲಾಗದ ಕಾರಣವಿದ್ದರೆ "ಒಂದು ತೊಡಕಿದೆ" ಎಂದಷ್ಟೇ ಬರೆಯಿರಿ. ನಿಜವಾದ ಸ್ನೇಹಿತನು ಕೆದಕುವುದಿಲ್ಲ.

ಮಾದರಿಗೆ ಈ ಪತ್ರವನ್ನು ನೋಡಿ:

"ಪ್ರಿಯ ಮಿತ್ರನಿಗೆ ನಮಸ್ಕಾರ. ಉಭಯ ಕುಶಲೋಪರಿ. ಹೊಸಮನೆಯ ಔತಣಕ್ಕೆ ನೀನು ಕರೆದದ್ದು ಬಹಳ ಸಂತೋಷ. ಆದರೆ ಭಾನುವಾರ ನಾವು ಬರಲಾರೆವು. ತಾಯಿಯವರನ್ನು ಒಬ್ಬರೇ ಬಿಟ್ಟು ಹೊರಡುವಂತಿಲ್ಲ. ನಮ್ಮ ಎರಡು ಎಲೆಗಳನ್ನು ಲೆಕ್ಕದಿಂದ ತೆಗೆದುಬಿಡು. ಬುಧವಾರ ಸಂಜೆ ನಿನಗೆ ಅನುಕೂಲವಿದ್ದರೆ ಮನೆ ನೋಡಲು ನಾನೊಬ್ಬನೇ ಬರುತ್ತೇನೆ. ಹೊಸಮನೆಯಲ್ಲಿ ನಿಮಗೆಲ್ಲ ಶುಭವಾಗಲಿ. ಇತಿ ನಿನ್ನವನು."

ಮೊದಲು ಸಂತೋಷ, ಕೂಡಲೇ ನಿರಾಕರಣೆ, ಒಂದು ಕಾರಣ, ಇನ್ನೊಂದು ದಿನ, ಕೊನೆಗೆ ಹಾರೈಕೆ. ಕಾರ್ಡಿನಲ್ಲಿ ಬರೆದರೂ ಮೊಬೈಲಿನಲ್ಲಿ ಬರೆದರೂ ಕ್ರಮ ಇದೇ. ಇವುಗಳಲ್ಲಿ ಹೆಚ್ಚಿನದು ಆ ಇನ್ನೊಂದು ದಿನ. ಮನೆಯಿಂದ ಹೊರಡುವಾಗ ನಾವು "ಹೋಗುತ್ತೇನೆ" ಎನ್ನುವುದಿಲ್ಲ, "ಹೋಗಿಬರುತ್ತೇನೆ" ಎನ್ನುತ್ತೇವಲ್ಲವೆ? ನಿರಾಕರಣೆಯ ಪತ್ರದಲ್ಲಿಯೂ ಮತ್ತೆ ಬರುವ ಮಾತು ಇರಬೇಕು. ಹಾಗೆ ಬರೆದ ಮೇಲೆ ಆ ಬುಧವಾರ ಮಾತ್ರ ತಪ್ಪದೆ ಹೋಗಿಬನ್ನಿ.