ಹತ್ತಿ ಹಿಂಜುವಾಗ ತೇವಾಂಶ ನಿಯಂತ್ರಣ ಮತ್ತು ಎಳೆಯ ಗುಣಮಟ್ಟ

ಹತ್ತಿ ಎಳೆಯ ಉದ್ದ ಮತ್ತು ಬಲ ತಳಿ ಹಾಗೂ ಬೇಸಾಯದಿಂದ ಬರುತ್ತವೆ. ಹಿಂಜುವ ಯಂತ್ರ ಅವುಗಳನ್ನು ಹೆಚ್ಚಿಸಲಾರದು; ಕಾಪಾಡಬಹುದು ಅಥವಾ ಕೆಡಿಸಬಹುದು. ಈ ಹಂತದಲ್ಲಿ ತೇವಾಂಶವೇ ನಿರ್ಣಾಯಕ.

ಎಳೆಯ ತೇವಾಂಶ ಶೇ. 6 ರಿಂದ 8 ರಷ್ಟಿದ್ದಾಗ ಹಿಂಜುವುದು ಸೂಕ್ತ. ತೇವ ಹೆಚ್ಚಿದರೆ ಒಣ ಎಲೆಯ ಚೂರುಗಳು ಅಂಟಿಕೊಂಡು ಬೇರ್ಪಡುವುದಿಲ್ಲ; ಅರಳೆ ಗಂಟುಗಟ್ಟುತ್ತದೆ. ಅತಿಯಾಗಿ ಒಣಗಿಸಿದರೆ ಕಸ ಸುಲಭವಾಗಿ ಬೇರ್ಪಡುತ್ತದೆ, ಆದರೆ ಎಳೆ ಬಲಗುಂದಿ ಬೀಜದಿಂದ ಬಿಡಿಸುವಾಗ ತುಂಡಾಗುತ್ತದೆ. ತುಂಡು ಎಳೆಗಳಿಂದ ನೂಲು ದುರ್ಬಲವಾಗುತ್ತದೆ. ಧಾರವಾಡದಲ್ಲಿ ಅಭಿವೃದ್ಧಿಪಡಿಸಿದ ಡಿಸಿಎಚ್-32ರಂತಹ ಸಂಕರಣ ತಳಿಗೆ ಎಳೆಯ ಉದ್ದದಿಂದಲೇ ಬೆಲೆ. ಆದ್ದರಿಂದ ಅಲ್ಲಿ ನಷ್ಟ ಹೆಚ್ಚು.

ರೈತರು ಗಮನಿಸಬೇಕಾದ ಅಂಶಗಳು

• ಇಬ್ಬನಿ ಆರಿದ ನಂತರವೇ ಹತ್ತಿ ಬಿಡಿಸಬೇಕು. ಹಸಿ ಇದ್ದರೆ ತೆಳುವಾಗಿ ಹರಡಿ ಒಣಗಿಸಬೇಕು.
• ಹಸಿ ಹತ್ತಿಯನ್ನು ರಾಶಿ ಹಾಕಬಾರದು. ರಾಶಿ ಬಿಸಿಯೇರಿ ಅರಳೆ ಹಳದಿಯಾಗುತ್ತದೆ, ಬೀಜದ ಮೊಳಕೆ ಶಕ್ತಿಯೂ ಕುಂದುತ್ತದೆ.
• ತೂಕಕ್ಕಾಗಿ ನೀರು ಚಿಮುಕಿಸಬಾರದು. ಬೆಂಬಲ ಬೆಲೆ ಖರೀದಿಯಲ್ಲಿ ಹತ್ತಿಯ ತೇವಾಂಶ ಶೇ. 8 ಮೀರಿದರೆ ಬೆಲೆ ಕಡಿತವಾಗುತ್ತದೆ, ಶೇ. 12 ಮೀರಿದರೆ ಖರೀದಿಸುವುದಿಲ್ಲ.
• ತಳಿವಾರು ಹಾಗೂ ಬಿಡಿಸಿದ ಸರದಿವಾರು ಪ್ರತ್ಯೇಕವಾಗಿ ಸಂಗ್ರಹಿಸಬೇಕು. ಪ್ಲಾಸ್ಟಿಕ್ ಚೀಲಗಳ ಬದಲು ಹತ್ತಿ ಬಟ್ಟೆಯ ಚೀಲ ಬಳಸಬೇಕು.

ಗಿರಣಿಯಲ್ಲಿ ಅನುಸರಿಸಬೇಕಾದ ಕ್ರಮಗಳು

• ಹಿಂಜುವ ಮುನ್ನ ಪ್ರತಿ ರಾಶಿಯ ತೇವಾಂಶವನ್ನು ಮಾಪಕದಿಂದ ಅಳೆಯಬೇಕು. ಒಣ ಹಾಗೂ ಹಸಿ ರಾಶಿಗಳನ್ನು ಬೆರೆಸಬಾರದು.
• ರೋಲರ್ ಮತ್ತು ಚಾಕುವಿನ ನಡುವಿನ ಒತ್ತಡವನ್ನು ಆಗಾಗ್ಗೆ ಪರೀಕ್ಷಿಸಬೇಕು. ಒತ್ತಡ ಹೆಚ್ಚಾದರೆ ರೋಲರ್ ಬಿಸಿಯಾಗಿ ಎಳೆಗೆ ಹಾನಿಯಾಗುತ್ತದೆ.

ಹೊಲದಿಂದ ಗಿರಣಿಯವರೆಗೆ ತೇವಾಂಶವನ್ನು ಹತೋಟಿಯಲ್ಲಿಟ್ಟರೆ ಬೆಳೆದ ಎಳೆಯ ಉದ್ದ ನೂಲಿನವರೆಗೂ ಉಳಿಯುತ್ತದೆ.